ಬೆಳಕಿನ ಕೀಲಿಮಣೆ ಕೊಳ್ಳುವ ಮುನ್ನ

ಮಂಡ್ಯ

ಚಿ. ಪುಟ್ಟಿಗೆ ಮಾವನ ಆಶೀರ್ವಾದಗಳು. ನಾವೆಲ್ಲ ಕ್ಷೇಮ.

ಕಂಪ್ಯೂಟರಿಗೆ ಆಪ್ಟಿಕಲ್ ಸ್ವಿಚ್ಚಿನ, ಅಂದರೆ ಕೀಲಿ ಒತ್ತಿದ್ದನ್ನು ಬೆಳಕಿನಿಂದ ತಿಳಿಯುವ, ಕೀಲಿಮಣೆ ಕೊಳ್ಳಲೇ ಎಂದು ಕೇಳಿದ್ದೀಯೆ. ಮೂವತ್ತು ವರ್ಷ ಕಚೇರಿಯಲ್ಲಿ ಬೆರಳಚ್ಚು ಮಾಡಿದವನನ್ನು ಇಂಥದ್ದು ಕೇಳಿದರೆ ಪತ್ರ ಉದ್ದವಾಗದೆ ಇರುವುದಿಲ್ಲ, ಸಹಿಸಿಕೋ.

ಈಗಿರುವುದರಲ್ಲಿ ‘ಮನೆ’ ಎಂದು ಒತ್ತಿದರೆ ‘ಮನನೆ’ ಬೀಳುತ್ತದೆ ಎಂದೆಯಲ್ಲ, ಅದು ನಿನ್ನ ಬೆರಳಿನ ತಪ್ಪಲ್ಲ. ಕೀಲಿಯ ಕೆಳಗಿರುವ ಸಾಮಾನ್ಯ ಮೆಕ್ಯಾನಿಕಲ್ ಸ್ವಿಚ್ಚಿನೊಳಗೆ ಲೋಹದ ಎಲೆಗಳು ಒಂದಕ್ಕೊಂದು ತಾಗುವಾಗ ಒಂದಿಷ್ಟು ಪುಟಿಯುತ್ತವೆ. ಆ ಪುಟಿತ ಅಡಗಲೆಂದೇ ಕೀಲಿಮಣೆ ಸುಮಾರು 5 ಮಿಲಿಸೆಕೆಂಡು ಕಾಯುತ್ತದೆ. ಲೋಹ ಸವೆದು ದೂಳು ಕೂತ ಮೇಲೆ ಅಷ್ಟು ಸಾಲದೆ ಒಂದು ಒತ್ತು ಎರಡಾಗಿಬಿಡುತ್ತದೆ. ಪಂಪ್‌ಸೆಟ್ಟಿನ ಸ್ಟಾರ್ಟರ್ ಪಾಯಿಂಟುಗಳನ್ನು ನಿಮ್ಮಪ್ಪ ಉಪ್ಪುಕಾಗದದಿಂದ ಉಜ್ಜುತ್ತಿದ್ದುದು ನೆನಪಿದೆಯೇ? ಇದೂ ಅದೇ ಜಾತಿಯ ಕಾಯಿಲೆ.

ಆಪ್ಟಿಕಲ್‌ನಲ್ಲಿ ತಾಗುವ ಲೋಹವೇ ಇಲ್ಲ. ಟಿವಿ ರಿಮೋಟಿನಲ್ಲಿರುವಂಥ, ಕಣ್ಣಿಗೆ ಕಾಣದ ಬೆಳಕು ಒಂದು ಕಡೆ. ಅದನ್ನು ಗ್ರಹಿಸುವ ಸೆನ್ಸರ್ ಇನ್ನೊಂದು ಕಡೆ. ಕೀಲಿ ಇಳಿದಾಗ ಬೆಳಕಿಗೆ ಅಡ್ಡ ಬರುತ್ತದೆ, ಇಲ್ಲವೇ ದಾರಿ ಬಿಡುತ್ತದೆ. ಹೀಗಾಗಿ ‘ಮನನೆ’ಯ ಕಾಟವಿಲ್ಲ. 10 ಕೋಟಿ ಒತ್ತು ತಾಳುತ್ತದೆ ಎಂದು ತಯಾರಕರು ಬರೆಯುತ್ತಾರೆ. ನಾವು ಬಳಸುವ, ಕೆ.ಪಿ. ರಾವ್ ರೂಪಿಸಿದ ಕನ್ನಡ ಕೀಲಿಮಣೆ ವಿನ್ಯಾಸದಲ್ಲಿ ಒತ್ತಕ್ಷರಕ್ಕೆಲ್ಲ ಎಫ್ ಕೀಲಿಯೇ ಗತಿ. ದಿನವಿಡೀ ಕನ್ನಡ ಪುಟ ಕೂಡಿಸುವ ನಿನಗೆ ಈ ಬಾಳಿಕೆ ಬೇಕಾದದ್ದೇ.

ವೇಗದ ಮಾತಿಗೆ ಮಾತ್ರ ಮರುಳಾಗಬೇಡ. ಕಂಡದ್ದಕ್ಕೆ ಬೆರಳು ಮಿಡಿಯಲು ಸುಮಾರು 200 ಮಿಲಿಸೆಕೆಂಡು ಬೇಕು. ಪುಟಿತಕ್ಕೆ ಕಾಯಬೇಕಿಲ್ಲದೆ ಉಳಿಯುವ ಆ ಐದು ಮಿಲಿಸೆಕೆಂಡಿನ ಲಾಭ ಕಂಪ್ಯೂಟರ್ ಆಟ ಆಡುವವರಿಗೆ ಇದ್ದೀತು, ಹಸ್ತಪ್ರತಿ ನೋಡಿ ಒತ್ತುವವಳಿಗಲ್ಲ. ಸದ್ದೂ ಕಡಿಮೆಯಾಗುವುದಿಲ್ಲ, ಕೀಲಿಯ ಟೋಪಿ ತಳಕ್ಕೆ ಬಡಿಯುವುದು ಎಲ್ಲದರಲ್ಲೂ ಒಂದೇ. ಸರಸ್ವತಿಪುರಂನ ಕೋಣೆಯಲ್ಲಿ ನಿನ್ನೊಡನೆ ಇನ್ನಿಬ್ಬರು ಮಲಗುತ್ತಾರೆ, ಟಕ್ ಎನ್ನುವ ಬಗೆಯದನ್ನು ಮುಟ್ಟಲೇಬೇಡ.

ನನಗೆ ಕಸಿವಿಸಿಯಾಗುವುದು ರಿಪೇರಿಯ ವಿಷಯದಲ್ಲಿ. ಟೈಪ್‌ರೈಟರಿನ ಅಚ್ಚುಕಡ್ಡಿ ಮುರಿದರೆ ಇಲ್ಲಿ ಪೇಟೆಯಲ್ಲೇ ಬೆಸುಗೆ ಹಾಕಿಸಿ ಸಂಜೆಯೊಳಗೆ ತರುತ್ತಿದ್ದೆ. ಸಾಮಾನ್ಯ ಮೆಕ್ಯಾನಿಕಲ್ ಸ್ವಿಚ್ಚಿಗೂ ಆ ಗುಣ ಸ್ವಲ್ಪ ಉಳಿದಿದೆ: ಚೆರ್ರಿ ಎಂಬ ಕಂಪನಿಯ ಮಾದರಿಯವನ್ನು ಹತ್ತಾರು ಕಂಪನಿಗಳು ಮಾಡುತ್ತವೆ, ಒಂದರ ಬದಲು ಇನ್ನೊಂದು ಕೂರುತ್ತದೆ. ಆಪ್ಟಿಕಲ್ ಸ್ವಿಚ್ಚು ಬೆಸುಗೆಯಿಲ್ಲದೆ ಸುಲಭವಾಗಿ ಕಿತ್ತು ಬರುತ್ತದೆ, ನಿಜ. ಆದರೆ ಒಂದು ಕಂಪನಿಯ ಸ್ವಿಚ್ಚು ಸಾಮಾನ್ಯವಾಗಿ ಇನ್ನೊಂದರ ಸರ್ಕ್ಯೂಟ್ ಹಲಗೆಗೆ ಕೂರದು. ಬೆಳಕಿನ ಭಾಗಗಳು ಹಲಗೆಯಲ್ಲೇ ಇರುವುದರಿಂದ ಅವು ಕೆಟ್ಟರೆ ಸ್ವಿಚ್ಚು ಬದಲಿಸಿ ಪ್ರಯೋಜನವೂ ಇಲ್ಲ. ವೈರ್‌ಲೆಸ್ ಬೇಡ, ಸ್ವಿಚ್ಚುಗಳ ಆ ಕಾಣದ ಬೆಳಕು ಉರಿಸಲು ಬ್ಯಾಟರಿ ಹೆಚ್ಚು ಬೇಕು. ಕೊಳ್ಳುವುದೇ ಆದರೆ ನಾಲ್ಕು ಹೆಚ್ಚುವರಿ ಸ್ವಿಚ್ಚನ್ನೂ ಜೊತೆಗೇ ಕೊಂಡುಬಿಡು.

ಅದಕ್ಕೂ ಮೊದಲು ಭಾನುವಾರ ಬರುವಾಗ ಹಳೆಯದನ್ನು ಚೀಲದಲ್ಲಿ ಹಾಕಿಕೊಂಡು ಬಾ. ಸ್ವಿಚ್ಚು ಕಿತ್ತು ಹಾಕುವ ಬಗೆಯದಾದರೆ ಆ ‘ನ’ ಒಂದನ್ನೇ ಬದಲಿಸಿ ನೋಡೋಣ. ಇಕ್ಕಳ ನನ್ನ ಬಳಿ ಇದೆ.

ಇಂತಿ,
ನಿನ್ನ ಮಾವ