‘ಬರೀ ಕನಸು’ ಅಂದರೆ ಮುಗಿಯಿತಾ?

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ‘ಟ್ವಿನ್ ಪೀಕ್ಸ್’ ಧಾರಾವಾಹಿಯ ಬಗ್ಗೆ ಬಂದ ಬರಹ ಓದಿದೆ. ಅಮೆರಿಕದ ಧಾರಾವಾಹಿಯೊಂದಕ್ಕೆ ನಮ್ಮ ಪತ್ರಿಕೆಯಲ್ಲಿ ಅರ್ಧ ಪುಟ ಸಿಕ್ಕಿದ್ದು ನೋಡಿ ಖುಷಿಯಾಯಿತು. ಆದರೆ ಬರಹದ ಕೊನೆ ಓದಿ ಬೇಜಾರಾಯಿತು. ಹದಿನೆಂಟು ಕಂತು ಕೂರಿಸಿ ನೋಡಿಸಿ, ಕಡೆಗೆ ‘ಎಲ್ಲಾ ಬರೀ ಕನಸು’ ಅಂದುಬಿಟ್ಟರು, ನೋಡುಗರಿಗೆ ಮೋಸ ಮಾಡಿದರು ಅಂತ ಲೇಖಕರು ಬರೆದಿದ್ದಾರೆ. ನಾನು ಅದನ್ನು ಮೂರು ಸಲ ನೋಡಿದವಳು. ಆ ಮಾತು ಒಪ್ಪಲು ನನ್ನಿಂದ ಆಗುವುದಿಲ್ಲ. ಯಾಕೆ ಅಂತ ಹೇಳಬೇಕಾದರೆ ಕೊನೆಯನ್ನು ಪೂರ್ತಿ ಬಿಚ್ಚಿಡಲೇಬೇಕು. ಇನ್ನೂ ನೋಡದವರು ದಯವಿಟ್ಟು ಇಲ್ಲಿಗೇ ನಿಲ್ಲಿಸಿ, ನೋಡಿದ ಮೇಲೆ ಓದಿ.

ಗೊತ್ತಿಲ್ಲದವರಿಗಾಗಿ ಎರಡು ಮಾತು. ಡೇವಿಡ್ ಲಿಂಚ್ ಮತ್ತು ಮಾರ್ಕ್ ಫ್ರಾಸ್ಟ್ ಸೇರಿ ಕಟ್ಟಿದ ಈ ಕತೆ 1990ರ ಏಪ್ರಿಲ್‌ನಲ್ಲಿ ಎಬಿಸಿ ವಾಹಿನಿಯಲ್ಲಿ ಶುರುವಾಯಿತು. ವಾಷಿಂಗ್ಟನ್ ರಾಜ್ಯದ ಕಾಡಂಚಿನ ಒಂದು ಚಿಕ್ಕ ಊರು. ಲಾರಾ ಪಾಮರ್ ಅನ್ನೋ ಹೈಸ್ಕೂಲ್ ಹುಡುಗಿಯ ಹೆಣ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಸ್ಥಿತಿಯಲ್ಲಿ ನೀರಿನ ದಡದಲ್ಲಿ ಸಿಗುತ್ತದೆ. ತನಿಖೆಗೆ ಎಫ್‌ಬಿಐನ ಡೇಲ್ ಕೂಪರ್ ಬರುತ್ತಾನೆ. ಕೆಂಪು ಪರದೆಗಳ ಕೋಣೆಯೊಂದು ಅವನ ಕನಸಿಗೆ ಬರುತ್ತದೆ, ಸುಳಿವು ಸಿಗುವುದೂ ಅಲ್ಲೇ. ಕೊಂದವರು ಯಾರು ಅಂತ ಬಾಯಿಬಿಡಲು ಲಿಂಚ್‌ಗೆ ಮನಸ್ಸಿರಲಿಲ್ಲ. ವಾಹಿನಿಯವರು ಬಿಡಲಿಲ್ಲ. ಕೊಂದವನು ಹುಡುಗಿಯ ಸ್ವಂತ ಅಪ್ಪ ಲೀಲ್ಯಾಂಡ್. ಬಾಬ್ ಅನ್ನೋ ದುಷ್ಟಶಕ್ತಿ ಅವನ ಮೈಯೊಳಗೆ ಹೊಕ್ಕಿರುತ್ತದೆ. 1991ರ ಜೂನ್‌ನಲ್ಲಿ ಧಾರಾವಾಹಿ ನಿಂತಿತು. ಆ ಕೊನೆಯ ಕಂತಿನಲ್ಲಿ ಲಾರಾ ಕೂಪರ್‌ಗೆ, 25 ವರ್ಷ ಆದ ಮೇಲೆ ಮತ್ತೆ ಸಿಗುತ್ತೇನೆ ಅನ್ನುತ್ತಾಳೆ. 2017ರಲ್ಲಿ ನಿಜಕ್ಕೂ ವಾಪಸ್ ಬಂದರು. ಹದಿನೆಂಟು ಭಾಗ, ಎಲ್ಲವನ್ನೂ ಲಿಂಚ್ ಅವರೇ ನಿರ್ದೇಶಿಸಿದರು. ಕೊನೆಯ ಎರಡು ಭಾಗಗಳು ಸೆಪ್ಟೆಂಬರ್ 3ರಂದು ಒಂದೇ ರಾತ್ರಿ ಪ್ರಸಾರವಾದವು.

ಲೇಖಕರು ಹಿಡಿದುಕೊಂಡಿರುವ ಮಾತು 17ನೇ ಭಾಗದಲ್ಲಿದೆ. ಬಾಬ್ ಸೋತಿದ್ದಾನೆ. ಹಳೇ ಗೆಳೆಯರೆಲ್ಲ ಶೆರಿಫ್ ಕಚೇರಿಯಲ್ಲಿ ಸೇರಿದ್ದಾರೆ. ಗೋಡೆ ಗಡಿಯಾರದ ಮುಳ್ಳು 2:52ರಿಂದ 2:53ಕ್ಕೆ ಹೋಗಲಾರದೆ ಅಲ್ಲೇ ತಡವರಿಸುತ್ತಿದೆ. ತೆರೆಯ ತುಂಬ ಕೂಪರ್‌ನ ದೊಡ್ಡ ಮುಖ ಮಸುಕಾಗಿ ಮೂಡುತ್ತದೆ. ನಾವು ಕನಸಿನೊಳಗೆ ಬದುಕುತ್ತಿದ್ದೇವೆ ಅಂತ ಅದು ಎಳೆದೆಳೆದು ಹೇಳುತ್ತದೆ. ಕತೆ ಇಲ್ಲಿಗೇ ನಿಂತಿದ್ದರೆ ಲೇಖಕರ ದೂರಿಗೆ ಅರ್ಥ ಇರುತ್ತಿತ್ತು. ನಿಲ್ಲುವುದಿಲ್ಲ ಅಲ್ವಾ? ಇದಾದ ಮೇಲೆ ಒಂದು ಗಂಟೆಗೂ ಜಾಸ್ತಿ ಉಳಿದಿದೆ.

ಕೂಪರ್ ಹಿಂದಕ್ಕೆ, ಲಾರಾ ಕೊಲೆಯಾದ 1989ರ ಆ ರಾತ್ರಿಗೆ ಹೋಗುತ್ತಾನೆ. ಕಾಡಿನಲ್ಲಿ ಲಾರಾಳ ಕೈ ಹಿಡಿದು ಮನೆಗೆ ಹೋಗೋಣ ಬಾ ಅಂತ ನಡೆಸಿಕೊಂಡು ಬರುತ್ತಾನೆ. ಆಮೇಲೆ 1990ರ ಮೊದಲ ಕಂತಿನ ಹಳೇ ದೃಶ್ಯವೇ ಬರುತ್ತದೆ. ದಡದಲ್ಲಿ ಹೆಣ ಇರಬೇಕಾದ ಜಾಗ ಖಾಲಿ. ಪೀಟ್ ಅನ್ನೋ ಮುದುಕ ಆರಾಮಾಗಿ ಮೀನು ಹಿಡಿಯಲು ಹೋಗುತ್ತಾನೆ. ಮೊದಲ ಸಲ ನೋಡಿದಾಗ ಇಲ್ಲಿ ನಾನು ಜೋರಾಗಿ ಚಪ್ಪಾಳೆ ತಟ್ಟಿದ್ದೆ. ಪಕ್ಕದಲ್ಲಿ ಮಲಗಿದ್ದ ಮಗಳು ಎದ್ದು ಕೂತಿದ್ದಳು. ಆದರೆ ಕಾಡಿನಲ್ಲಿ ನಡೆಯುತ್ತಿರುವ ಕೂಪರ್ ತಿರುಗಿ ನೋಡಿದರೆ ಕೈಯಲ್ಲಿ ಕೈ ಇಲ್ಲ. ಕತ್ತಲಲ್ಲಿ ಒಂದು ಚೀರಾಟ ಮಾತ್ರ.

18ನೇ ಭಾಗದ ಶುರುವಿನಲ್ಲಿ ಲಿಂಚ್ ಒಂದು ಸುಖಾಂತ್ಯ ಕೊಟ್ಟೇ ಕೊಡುತ್ತಾರೆ. ಕೂಪರ್‌ನಂಥದ್ದೇ ಇನ್ನೊಂದು ಜೀವ ಲಾಸ್ ವೇಗಸ್‌ನ ಮನೆಯೊಂದರ ಕೆಂಪು ಬಾಗಿಲು ತಟ್ಟುತ್ತದೆ. ಹೆಂಡತಿ, ಮಗ ಓಡಿ ಬಂದು ತಬ್ಬಿಕೊಳ್ಳುತ್ತಾರೆ. ಎರಡೇ ನಿಮಿಷ. ಆಮೇಲೆ ನಿಜವಾದ ಕೂಪರ್ ತನ್ನ ಹಳೇ ಸಹಾಯಕಿ ಡಯಾನ್ ಜೊತೆ 430 ಮೈಲಿ ಕಾರು ಓಡಿಸಿ, ಯಾವುದೋ ಗೆರೆ ದಾಟುತ್ತಾನೆ. ರಾತ್ರಿ ಒಂದು ಮೋಟೆಲ್‌ನಲ್ಲಿ ಮಲಗಿದವನು ಬೆಳಿಗ್ಗೆ ಇನ್ನೊಂದು ಮೋಟೆಲ್‌ನಲ್ಲಿ ಏಳುತ್ತಾನೆ. ಕಾರೂ ಬೇರೆ. ಪಕ್ಕದಲ್ಲಿ ಡಯಾನ್ ಇಲ್ಲ, ಒಂದು ಚೀಟಿ ಇದೆ, ಅದರಲ್ಲಿ ಅವರಿಬ್ಬರ ಹೆಸರುಗಳೂ ಬೇರೆ. ಟೆಕ್ಸಸ್‌ನ ಒಡೆಸ್ಸಾ ಊರಿನಲ್ಲಿ ಅವನು ಲಾರಾಳನ್ನು ಪತ್ತೆ ಮಾಡುತ್ತಾನೆ. ಅವಳಿಗೀಗ ನಡುವಯಸ್ಸು. ಹೆಸರು ಕ್ಯಾರಿ ಪೇಜ್, ಹೋಟೆಲಿನಲ್ಲಿ ಕೆಲಸ. ಲಾರಾ ಅಂದರೆ ಯಾರು ಅಂತಲೇ ಅವಳಿಗೆ ಗೊತ್ತಿಲ್ಲ. ಲಾರಾ, ಕ್ಯಾರಿ ಇಬ್ಬರೂ ಶೆರಿಲ್ ಲೀ ಅವರೇ.

ಇಬ್ಬರೂ ಕಾರಿನಲ್ಲಿ ಟ್ವಿನ್ ಪೀಕ್ಸ್‌ಗೆ ಹೊರಡುತ್ತಾರೆ. ರಾತ್ರಿ ಪ್ರಯಾಣ, ಮಾತೇ ಇಲ್ಲ. ಬಹಳ ಜನ ಇಲ್ಲಿ ಬೇಸರಪಟ್ಟು ದೃಶ್ಯವನ್ನು ಮುಂದಕ್ಕೆ ಓಡಿಸಿಬಿಡುತ್ತಾರೆ. ಓಡಿಸಬೇಡಿ. ಕ್ಯಾರಿ ಅರೆನಿದ್ದೆಯಲ್ಲಿ ತನಗೆ ತಾನೇ ಏನೋ ಹೇಳಿಕೊಳ್ಳುತ್ತಾಳೆ. ಮನೆ ಚೊಕ್ಕಟವಾಗಿಡಲು ನೋಡಿದೆ, ಎಲ್ಲಾ ಜೋಡಿಸಿಡಲು ನೋಡಿದೆ, ಆಗ ನಾನು ತುಂಬ ಚಿಕ್ಕವಳು, ತಿಳಿವಳಿಕೆ ಇರಲಿಲ್ಲ ಅನ್ನೋ ಅರ್ಥದ ಮಾತು. ಯಾವ ಮನೆ ಅಂತ ಕೂಪರ್ ಕೇಳುವುದಿಲ್ಲ. ನನ್ನ ಮಟ್ಟಿಗೆ ಇಡೀ ಧಾರಾವಾಹಿಯ ಕೀಲಿ ಈ ಮಾತಿನಲ್ಲಿದೆ.

ಆಮೇಲೆ ಲಾರಾಳ ಮನೆ ಬರುತ್ತದೆ. ಬಾಗಿಲು ತೆಗೆದ ಹೆಂಗಸಿಗೆ ಪಾಮರ್ ಅನ್ನೋ ಹೆಸರೇ ಗೊತ್ತಿಲ್ಲ. ಆ ಪಾತ್ರ ಮಾಡಿದವರು ಚಿತ್ರೀಕರಣ ನಡೆದ ಆ ಮನೆಯ ನಿಜವಾದ ಒಡತಿ. ಕತೆಯ ಬಾಗಿಲು ತಟ್ಟಿದರೆ ನಮ್ಮ ಲೋಕದವರು ಬಂದು ತೆಗೆದ ಹಾಗೆ. ಕೂಪರ್ ಮೆಟ್ಟಿಲಿಳಿದು ಬೀದಿಗೆ ಬರುತ್ತಾನೆ, ತಬ್ಬಿಬ್ಬಾಗಿ, ಇದು ಯಾವ ವರ್ಷ ಅಂತ ಕೇಳುತ್ತಾನೆ. ಕ್ಯಾರಿ ಮನೆಯ ಕಡೆ ನೋಡುತ್ತಾ ನಿಲ್ಲುತ್ತಾಳೆ. ಒಳಗಿನಿಂದ ಎಲ್ಲೋ ದೂರದಲ್ಲಿ ಕೂಗಿದಂತೆ ‘ಲಾರಾ’ ಅಂತ ತಾಯಿಯ ಧ್ವನಿ. ಮೊದಲ ಕಂತಿನಲ್ಲಿ ಸತ್ತ ಮಗಳನ್ನು ಇನ್ನೂ ಎದ್ದಿಲ್ಲ ಅಂದುಕೊಂಡು ಕೂಗುತ್ತಾಳಲ್ಲ, ಆ ಧ್ವನಿ. ಕ್ಯಾರಿ ಚೀರುತ್ತಾಳೆ. ಮನೆಯ ದೀಪಗಳು ಪಟ್ ಅಂತ ಆರುತ್ತವೆ. ಕತ್ತಲು. ಅಷ್ಟೇ.

ಈಗ ಒಂದು ಸರಳ ಲೆಕ್ಕ ಹಾಕಿ. ಇದೇ ಕತೆಯ ಮೇಲೆ 1992ರಲ್ಲಿ ಬಂದ ಸಿನಿಮಾದಲ್ಲಿ ಲಾರಾ ತಾನೇ ಹೇಳುತ್ತಾಳೆ, ಬಾಬ್ ರಾತ್ರಿ ಹೊತ್ತು ಬರಲು ಶುರುಮಾಡಿದ್ದು ತನಗೆ ಹನ್ನೆರಡು ವರ್ಷ ಇದ್ದಾಗ. ಸತ್ತಾಗ ಅವಳಿಗೆ ಹದಿನೇಳು. ಕೂಪರ್ ಅಳಿಸಲು ಹೋಗಿದ್ದು ಕೊಲೆಯಾದ ಒಂದು ರಾತ್ರಿಯನ್ನು. ಅದರ ಹಿಂದಿನ ಐದು ವರ್ಷದ ರಾತ್ರಿಗಳು? ಅವನು ಕೈ ಹಿಡಿದು ಕರೆದುಕೊಂಡು ಹೋಗುವುದಾದರೂ ಎಲ್ಲಿಗೆ? ಮನೆಗೆ. ಯಾವ ಮನೆಯಲ್ಲಿ ಅದೆಲ್ಲ ನಡೆಯಿತೋ ಅದೇ ಮನೆಗೆ. ಒಳ್ಳೆಯವನು ಕೂಪರ್, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಹುಡುಗಿಗೆ ಮನೆ ಅಂದರೆ ಏನು ಅಂತ ಅವನು ಯಾವತ್ತೂ ಯೋಚಿಸಲಿಲ್ಲ. ಹೆಸರು ಬದಲಾದರೂ, ಊರು ಬದಲಾದರೂ, ಮನೆ ಮಾಲೀಕರೇ ಬದಲಾದರೂ ಅವಳ ಮೈ ಮರೆತಿಲ್ಲ. ಬಾಗಿಲ ಮುಂದೆ ನಿಲ್ಲಿಸಿದ ಕೂಡಲೇ ಎಲ್ಲಾ ವಾಪಸ್ ಬಂತು. ಆ ಚೀರಾಟವನ್ನು ನಾನು ಹೀಗೆ ಕೇಳಿಸಿಕೊಂಡೆ.

ನಾನು ಹೈಸ್ಕೂಲಿನಲ್ಲಿ ಪಾಠ ಮಾಡುವವಳು. ತುಂಬ ವರ್ಷದ ಹಿಂದೆ ಎಂಟನೇ ತರಗತಿಯಲ್ಲಿ ಒಬ್ಬಳು ಹುಡುಗಿ ಇದ್ದಳು. ಸಂಜೆ ಗಂಟೆ ಹೊಡೆದ ಮೇಲೂ ಹೋಗುತ್ತಿರಲಿಲ್ಲ. ಬೋರ್ಡು ಒರೆಸುತ್ತಿದ್ದಳು, ಡಸ್ಟರ್ ಕಿಟಕಿಗೆ ಬಡಿದು ಪುಡಿ ಉದುರಿಸುತ್ತಿದ್ದಳು, ಬೆಂಚುಗಳನ್ನು ಒಂದೇ ಸಾಲಿಗೆ ಎಳೆದಿಡುತ್ತಿದ್ದಳು. ಅವಳ ಪುಸ್ತಕಗಳ ಬೈಂಡು ಒಂದೂ ಹರಿದದ್ದು ನೋಡಿಲ್ಲ. ಎಷ್ಟು ಅಚ್ಚುಕಟ್ಟು ನೋಡಿ ಇವಳು ಅಂತ ಇಡೀ ತರಗತಿಯ ಮುಂದೆ ಹೊಗಳುತ್ತಿದ್ದೆ. ಕತ್ತಲಾಗುತ್ತೆ, ಮನೆಗೆ ಹೋಗಮ್ಮ, ಅಮ್ಮ ಕಾಯ್ತಿರ್ತಾರೆ ಅಂತ ದಿನಾ ನಾನೇ ಕಳಿಸುತ್ತಿದ್ದೆ. ಗೇಟಿನ ತನಕ ಹೋಗಿ ಒಂದು ಸಲ ತಿರುಗಿ ನೋಡುತ್ತಿದ್ದಳು. ವರ್ಷದ ಮಧ್ಯದಲ್ಲಿ ಟಿ.ಸಿ. ತೆಗೆದುಕೊಂಡು ಹೋದರು. ಆ ಮನೆಯಲ್ಲಿ ಏನು ನಡೆಯುತ್ತಿತ್ತು ಅನ್ನೋದು ಆಮೇಲೆ ನನ್ನ ಕಿವಿಗೆ ಬಿತ್ತು. ಅದನ್ನು ಇಲ್ಲಿ ಬರೆಯುವುದಿಲ್ಲ. ಕಾರಿನಲ್ಲಿ ಕ್ಯಾರಿ ‘ಎಲ್ಲಾ ಜೋಡಿಸಿಡಲು ನೋಡಿದೆ’ ಅಂದಾಗ ನನಗೆ ಕಂಡಿದ್ದು ಆ ಬೆಂಚುಗಳ ಸಾಲು. ಹಾಗಾಗಿಯೇ ‘ಬರೀ ಕನಸು’ ಅನ್ನೋ ಎರಡು ಪದ ನನಗೆ ಅಷ್ಟು ಚುಚ್ಚಿತು.

ಇನ್ನು ಕನಸಿನ ವಿಚಾರ. ಕನಸು ಅಂದರೆ ಸುಳ್ಳು ಅಂತ ಲಿಂಚ್ ನಂಬಿದವರಲ್ಲ. 1973ರಿಂದ 2025ರ ಜನವರಿಯಲ್ಲಿ ತೀರಿಕೊಳ್ಳುವ ತನಕ ಮಹರ್ಷಿ ಮಹೇಶ್ ಯೋಗಿ ಕಲಿಸಿದ ಧ್ಯಾನ ಮಾಡಿಕೊಂಡು ಬಂದವರು. ಜೇಡ ತಾನೇ ಬಲೆ ನೇಯ್ದು ಅದರಲ್ಲೇ ಓಡಾಡುವ ಹಾಗೆ, ಕನಸು ಕಾಣುವವನು ಆ ಕನಸಿನಲ್ಲೇ ಬದುಕುವ ಹಾಗೆ ನಾವು ಅನ್ನೋ ಉಪನಿಷತ್ತಿನ ಮಾತನ್ನು ಅವರು ಸಭೆಗಳಲ್ಲಿ ಓದುತ್ತಿದ್ದರು. ಅದರಲ್ಲಿ ಕನಸಿನ ಮಾತು 14ನೇ ಭಾಗದಲ್ಲಿ ಬರುತ್ತದೆ. ಅದರ ಬೆನ್ನಿಗೇ ಒಂದು ಪ್ರಶ್ನೆ: ಹಾಗಾದರೆ ಕನಸು ಕಾಣುತ್ತಿರುವವರು ಯಾರು? ನೂಲು ಬಿಟ್ಟು, ಮತ್ತೆ ಒಳಗೆ ಎಳೆದುಕೊಳ್ಳುವ ಜೇಡ ಮುಂಡಕದಲ್ಲಿದೆ. ಎಚ್ಚರ, ಕನಸು, ನಿದ್ದೆ, ತುರೀಯ ಅಂತ ಮಾಂಡೂಕ್ಯ ನಾಲ್ಕು ಹೇಳುತ್ತದೆ. ಕನಸನ್ನು ಕಸದ ಬುಟ್ಟಿಗೆ ಹಾಕಿ ಅಂತ ಹೇಳುವುದಿಲ್ಲ. ನಮ್ಮ ಮನೆಗಳಲ್ಲಿ ಬೆಳಗಿನ ಜಾವದ ಕೆಟ್ಟ ಕನಸಿಗೆ ಈಗಲೂ ಹೆದರುತ್ತಾರೆ. ಕನಸಿನಲ್ಲಿ ಅತ್ತವರ ದಿಂಬು ಒದ್ದೆಯಾಗಿರುತ್ತದೆ. ಕನಸು ಲಾರಾಳದ್ದೇ ಅಂತ ಇಟ್ಟುಕೊಂಡರೂ ಆ ನೋವು ಅವಳದ್ದೇ.

ಬೇರೆ ಅರ್ಥಗಳೂ ಇವೆ. ಕೂಪರ್ ಇನ್ನೊಂದು ದುಷ್ಟಶಕ್ತಿಗೆ ಬೋನು ಒಡ್ಡಿದ, ಲಾರಾಳ ಚೀರಾಟದಿಂದ ಅದು ಸುಟ್ಟುಹೋಯಿತು ಅನ್ನುವವರಿದ್ದಾರೆ. ಆರಿದ ದೀಪಗಳು ಅವರ ಪರ ಇವೆ. ಕೊನೆಯ ಎರಡು ಭಾಗಗಳನ್ನು ಏಕಕಾಲಕ್ಕೆ ಓಡಿಸಿ ನೋಡಬೇಕು ಅನ್ನುವವರೂ ಇದ್ದಾರೆ. ನನಗೆ ಅದು ಸ್ವಲ್ಪ ಜಾಸ್ತಿಯಾಯಿತು ಅನ್ನಿಸಿತು. ಫ್ರಾಸ್ಟ್ 2017ರಲ್ಲೇ ತಂದ ಪುಸ್ತಕದಲ್ಲಿ ಊರಿನ ಹಳೇ ಪತ್ರಿಕೆ ಲಾರಾ ಕಾಣೆಯಾದಳು ಅನ್ನುತ್ತದೆ, ಕೊಲೆಯ ಮಾತೇ ಇಲ್ಲ. ಅಂದರೆ ಕೂಪರ್ ಮಾಡಿದ್ದು ಆ ಊರಿನಲ್ಲಿ ನಿಜಕ್ಕೂ ನಡೆದಿದೆ. ಲಿಂಚ್ ಮಾತ್ರ ಕೊನೆಯವರೆಗೂ ಅರ್ಥ ಬಿಡಿಸಿ ಹೇಳಲಿಲ್ಲ. ಇಷ್ಟರಲ್ಲಿ ಯಾವುದನ್ನಾದರೂ ಲೇಖಕರು ಹಿಡಿದಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ.

ಲೇಖಕರಲ್ಲಿ ಒಂದೇ ಕೋರಿಕೆ. ರಾತ್ರಿ ದೀಪ ಆರಿಸಿ, ಕಾರು ಒಡೆಸ್ಸಾ ಬಿಡುವಲ್ಲಿಂದ ಮತ್ತೆ ನೋಡಿ. ಮೊದಲ ಎರಡು ಸಲ ನಾನೂ ಕೂಪರ್‌ನನ್ನೇ ನೋಡುತ್ತಿದ್ದೆ. ಈ ಸಲ ಅವನನ್ನು ಬಿಟ್ಟು ಪಕ್ಕದ ಸೀಟಿನಲ್ಲಿ ಕೂತಿರುವವಳ ಮುಖ ನೋಡಿ.

ಇಂತಿ,
ನಿಮ್ಮ ಓದುಗರಲ್ಲೊಬ್ಬಳು,
ಹಾಸನ