ಕೆಂಡ ಕಾಯುವವಳಿಗೆ ಒಂದು ಹೆಸರಿಡು

ಸಾಗರ
ಭಾನುವಾರ ಬೆಳಿಗ್ಗೆ

ಪ್ರೀತಿಯ ಪುಟ್ಟೀ,

ನೀನು ಕಳಿಸಿದ ಮೂರು ಅಧ್ಯಾಯ ಕೈ ಸೇರಿ ಎಂಟು ದಿನ ಆಯಿತು. ಫೋನಿನಲ್ಲಿ ಕೇಳಿದಾಗ "ಓದ್ತಿದೀನಿ" ಅಂತಷ್ಟೇ ಹೇಳಿ ಇಟ್ಟುಬಿಟ್ಟೆ. ಬೇಜಾರು ಮಾಡ್ಕೋಬೇಡ. ಒಂದು ಸಲ ಸುಮ್ನೆ ಓದಿದೆ. ಇನ್ನೊಂದು ಸಲ ಪೆನ್ಸಿಲ್ ಹಿಡಿದು ಓದಿದೆ. ಮೂರನೇ ಸಲ ನಿನ್ನ ದೊಡ್ಡಪ್ಪನಿಗೆ ಗಟ್ಟಿಯಾಗಿ ಓದಿ ಹೇಳಿದೆ. ಅಷ್ಟೆಲ್ಲ ಆದ ಮೇಲೆ ಹೇಳಬೇಕಾದ್ದು ಜಾಸ್ತಿ ಇದೆ ಅನ್ನಿಸಿತು, ಅದಕ್ಕೇ ಪತ್ರ.

ನಮ್ಮ ಮನೆಯ ಹುಡುಗಿ ಕೆಳದಿ ಚೆನ್ನಮ್ಮಾಜಿಯ ಮೇಲೆ ಕಾದಂಬರಿ ಬರೆಯುತ್ತಿದ್ದಾಳೆ ಅನ್ನುವುದು ನನಗೆ ತುಂಬಾ ದೊಡ್ಡ ಸಂತೋಷ. ಅದರಲ್ಲೂ ಅವಳ ಇಡೀ ಬದುಕನ್ನು ಹೇಳಲು ಹೋಗದೆ 1689 ಒಂದನ್ನೇ ಹಿಡಿದೆಯಲ್ಲ, ಅದು ನನಗೆ ಹಿಡಿಸಿತು. ಮೊದಲ ಕಾದಂಬರಿ ಬರೆಯುವವರು ಸಾಮಾನ್ಯವಾಗಿ ಹುಟ್ಟಿನಿಂದ ಸಾವಿನವರೆಗೆ ಎಳೆದು ಸುಸ್ತಾಗುತ್ತಾರೆ.

ಈಗ ಪೆನ್ಸಿಲ್ ಗುರುತು ಹಾಕಿದ ಜಾಗಗಳಿಗೆ ಬರುತ್ತೇನೆ. ಎರಡನೇ ಅಧ್ಯಾಯದಲ್ಲಿ "ದಾಸಿ ಕಡ್ಡಿ ಗೀರಿ ದೀಪ ಹಚ್ಚಿದಳು" ಅಂತ ಬರೆದಿದ್ದೀ. ಗೀರಿ ಹಚ್ಚುವ ಕಡ್ಡಿ ಇಂಗ್ಲೆಂಡಿನಲ್ಲೇ ಬಂದದ್ದು 1820ರ ದಶಕದಲ್ಲಿ ಕಣೇ. ಹಾಗಾದರೆ ಕೆಳದಿಯವರ ರಾಜಧಾನಿ ಬಿದನೂರಿನ ಅರಮನೆಯಲ್ಲಿ ದೀಪ ಹೇಗೆ ಹಚ್ಚುತ್ತಿದ್ದರು? ನಿನಗೆ ಗೊತ್ತಿರಲಿಕ್ಕಿಲ್ಲ. ನಾನು ಕಣ್ಣಾರೆ ಕಂಡಿದ್ದೇನೆ. ನನ್ನ ಅಜ್ಜಿ ರಾತ್ರಿ ಊಟದ ಪಾತ್ರೆ ತೊಳೆದ ಮೇಲೆ ಒಲೆಯ ಮುಂದೆ ಕೂರುತ್ತಿದ್ದಳು. ಗಟ್ಟಿ ಸೌದೆಯ ಎರಡು ಕೆಂಡ ಆರಿಸಿ, ಒಲೆಯ ಮೂಲೆಗೆ ತಳ್ಳಿ, ಅಂಗೈಯಲ್ಲಿ ಬೂದಿ ಎತ್ತಿ ನಿಧಾನವಾಗಿ ಮುಚ್ಚುತ್ತಿದ್ದಳು, ಮಗುವಿಗೆ ಹೊದಿಸಿದ ಹಾಗೆ. ಬೆಳಿಗ್ಗೆ ಬೂದಿ ಸರಿಸಿ, ತೆಂಗಿನ ನಾರು ಇಟ್ಟು ಊದಿದರೆ ಒಳಗಿಂದ ಕೆಂಪು ಕಣ್ಣು ತೆರೆಯುತ್ತಿತ್ತು. ಅದು ಆರಿಹೋದ ದಿನ ಪಕ್ಕದ ಮನೆಗೆ ತೆಂಗಿನ ಸಿಪ್ಪೆ ಹಿಡಿದು ನನ್ನನ್ನು ಓಡಿಸುತ್ತಿದ್ದಳು. ಬೆಂಕಿಪೊಟ್ಟಣ ಮನೆಯಲ್ಲಿದ್ದರೂ ಅವಳಿಗೆ ಆ ರೂಢಿ ಬಿಟ್ಟಿರಲಿಲ್ಲ.

ಇದು ಸಣ್ಣ ತಪ್ಪು, ಒಂದು ಸಾಲು ತಿದ್ದಿದರೆ ಮುಗಿಯಿತು ಅಂದುಕೊಳ್ಳಬೇಡ. ಈ ತಪ್ಪಿನ ಹಿಂದೆ ನಿನ್ನ ಕಾದಂಬರಿಗೆ ಬೇಕಾದ ಒಬ್ಬ ಹೆಂಗಸು ನಿಂತಿದ್ದಾಳೆ. ಅವಳ ವಿಷಯ ಆಮೇಲೆ ಹೇಳುತ್ತೇನೆ.

ಕಾವಲುಗಾರನ ಕೈಗೆ ಕಾಫಿ ಕೊಟ್ಟಿದ್ದೀ. ಬಾಬಾ ಬುಡನ್ ಬೀಜ ತಂದ ಕಥೆ ಹೆಚ್ಚುಕಡಿಮೆ ಆ ಕಾಲದ್ದೇ, ಹಾಗಾಗಿ ನಿನಗೆ ಧೈರ್ಯ ಬಂದಿರಬೇಕು. ಆದರೆ ಅದು ಹೆಬ್ಬಾಗಿಲ ಕಾವಲುಗಾರನ ಲೋಟಕ್ಕೆ ಬರಲು ಇನ್ನೂ ಬಹಳ ಕಾಲ ಬೇಕಿತ್ತು. ಬೆಲ್ಲ, ನೀರು, ಎಲೆಯಡಿಕೆ ಕೊಡು, ಸಾಕು. ಔತಣದಲ್ಲಿ ಆಲೂಗೆಡ್ಡೆ ಪಲ್ಯ ಬೇಡ. ಚೆನ್ನಮ್ಮಾಜಿ ದತ್ತು ತೆಗೆದುಕೊಂಡ ಬಸವಪ್ಪ ನಾಯಕನೇ ಮುಂದೆ 'ಶಿವತತ್ತ್ವ ರತ್ನಾಕರ' ಬರೆದವನು, ಗೊತ್ತಲ್ವಾ? ಸಂಸ್ಕೃತದ ಆ ದೊಡ್ಡ ಗ್ರಂಥದಲ್ಲಿ ಅಡುಗೆಮನೆಯ ವಿಷಯವೂ ಇದೆ. ಆ ಮನೆಯ ಹುಡುಗನೇ ಬರೆದಿಟ್ಟಿರುವಾಗ ಊಹೆ ಯಾಕೆ? ಸಂಸ್ಕೃತ ಬಲ್ಲವರ ಜೊತೆ ನಾಲ್ಕು ಸಂಜೆ ಕೂತು ಓದು.

ಮಾತಿನ ವಿಷಯ. "ಎಲೈ ರಾಜಕುಮಾರನೇ" ಅನ್ನುವ ಥರದ್ದೆಲ್ಲ ತೆಗೆದುಬಿಡು. ಯಾವ ಕಾಲದಲ್ಲೂ ಯಾರೂ ಮನೆಯೊಳಗೆ ಹಾಗೆ ಮಾತಾಡಿಲ್ಲ. ತಿಳಿಗನ್ನಡ ಬರಿ, ಹೊಸ ಕಾಲದ ಪದ ನುಸುಳದ ಹಾಗೆ ಕಾವಲು ಇರು, ಅಷ್ಟೇ. ನೀನು "ಐದು ನಿಮಿಷ ತಡಮಾಡಿ" ಅಂತ ಮಂತ್ರಿಯ ಬಾಯಲ್ಲಿ ಹೇಳಿಸಿದ್ದೀ. ಅವನಿಗೆ ಗೊತ್ತಿದ್ದದ್ದು ಘಳಿಗೆ, ಜಾವ. ದಿನಕ್ಕೆ 60 ಘಳಿಗೆ, ಎಂಟು ಜಾವ. ಇನ್ನೊಂದು ಕಡೆ ಮುದುಕಿಯೊಬ್ಬಳು "ಚಾವಿ" ಅನ್ನುತ್ತಾಳೆ. ಅದು ಪೋರ್ಚುಗೀಸರಿಂದ ಬಂದ ಮಾತು. ಹೊನ್ನಾವರದ ಮೆಣಸಿನ ವ್ಯಾಪಾರಿ ಬೇಕಾದರೆ ಅನ್ನಲಿ, ಗೋವೆಯವರ ಜೊತೆ ಅವನ ವ್ಯವಹಾರ ಇತ್ತು. ಘಟ್ಟದ ಮೇಲಿನ ಮುದುಕಿ "ಬೀಗದ ಕೈ" ಅನ್ನಲಿ. ಒಂದೇ ಪದದಿಂದ ಯಾರು ಎಲ್ಲಿಯವರು ಅಂತ ಗೊತ್ತಾಗಿಬಿಡುತ್ತದೆ ನೋಡು.

ತಾರೀಕುಗಳಲ್ಲಿ ತುಂಬಾ ಎಚ್ಚರ ಬೇಕು. ನಿನ್ನ ಕಥೆ ನಡೆಯುವುದು ಶಕ 1611, ಶುಕ್ಲ ಸಂವತ್ಸರ. ಶಾಸನ ಓದುವಾಗ ಶಕಕ್ಕೆ 78 ಕೂಡಿಸಿ ಇಸವಿ ಮಾಡಿಕೊಳ್ಳುತ್ತೀ, ಅದು ಸರಿ. ಆದರೆ ಆ ಕಾಲದ ಇಂಗ್ಲಿಷರ ಕಾಗದಗಳು ಪೋರ್ಚುಗೀಸರ ಕಾಗದಗಳಿಗಿಂತ ಹತ್ತು ದಿನ ಹಿಂದೆ ಇರುತ್ತವೆ. ಇಂಗ್ಲಿಷರು ಹಳೆಯ ಕ್ಯಾಲೆಂಡರನ್ನು 1752ರವರೆಗೆ ಬಿಡಲೇ ಇಲ್ಲ. ಮೊಗಲರಿಂದ ತಪ್ಪಿಸಿಕೊಂಡು ಶಿವಾಜಿಯ ಮಗ ರಾಜಾರಾಮ ಬಂದ ರಾತ್ರಿ ನೀನು ಹುಣ್ಣಿಮೆಯ ಬೆಳದಿಂಗಳು ಸುರಿಸಿದ್ದೀ. ಅವನು ಮಹಾರಾಷ್ಟ್ರದ ಪನ್ಹಾಳ ಕೋಟೆಯಿಂದ ಹೊರಟದ್ದು ಸೆಪ್ಟೆಂಬರ್ ಕೊನೆಗೆ. ನವೆಂಬರ್ ಹೊತ್ತಿಗೆ ತಮಿಳು ಸೀಮೆಯ ಜಿಂಜಿ ಕೋಟೆ ಸೇರಿದ್ದ. ಪಂಚಾಂಗ ಲೆಕ್ಕ ಬಲ್ಲವರಿಂದ ಆ ದಿನಗಳ ತಿಥಿ ತೆಗೆಸು. ಕತ್ತಲೆ ಅಂತ ಬಂದರೆ ನಿನಗೆ ಲಾಭವೇ. ಓಡಿ ಬರುವವನಿಗೆ ಕತ್ತಲೆಗಿಂತ ಒಳ್ಳೆಯ ಜೊತೆ ಯಾವುದು?

ಇನ್ನು ಲಿಂಗಣ್ಣ ಕವಿಯ 'ಕೆಳದಿನೃಪವಿಜಯ'ದ ಮೇಲೆ ನೀನು ಪೂರ್ತಿ ಭಾರ ಹಾಕಿದ್ದೀ. ಅದು ಬೇಕೇ ಬೇಕು. ಆದರೆ ಅವನು ಬರೆದದ್ದು 18ನೇ ಶತಮಾನದಲ್ಲಿ, ಆ ಮನೆತನವನ್ನು ಹೊಗಳಲು. ಅದರ ಪಕ್ಕಕ್ಕೆ ಎಪಿಗ್ರಾಫಿಯ ಕರ್ನಾಟಿಕದ ಎಂಟನೇ ಸಂಪುಟ ಇಟ್ಟುಕೋ. ನಮ್ಮ ಸಾಗರ, ಸೊರಬ, ನಗರ ಸೀಮೆಯ ಶಾಸನಗಳು ಅದರಲ್ಲಿವೆ. ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆಯನ್ನೂ ಓದು. ಅವನು ಬಂದದ್ದು 1623ರಲ್ಲಿ, ವೆಂಕಟಪ್ಪ ನಾಯಕನ ಕಾಲಕ್ಕೆ. ನಿನ್ನ ಕಥೆಗಿಂತ 66 ವರ್ಷ ಮುಂಚೆ. ಆದರೂ ಅವನ ಕಣ್ಣು ಎಂಥದ್ದು ಅಂದರೆ, ಗೇರುಸೊಪ್ಪೆ ಕಡೆಯಿಂದ ಘಟ್ಟ ಹತ್ತಿ ಇಕ್ಕೇರಿಗೆ ಹೋಗುವ ದಾರಿಯಲ್ಲಿ ಒಂದು ದೇವಸ್ಥಾನದ ಜಗಲಿಯ ಮೇಲೆ ನಾಲ್ಕು ಹುಡುಗರು ಲೆಕ್ಕ ಕಲಿಯುವುದನ್ನು ಕಂಡು ಬರೆದಿದ್ದಾನೆ. ನೆಲದ ಮೇಲೆ ಸಣ್ಣ ಮರಳು ಹರಡಿ, ರಾಗವಾಗಿ ಹೇಳುತ್ತಾ ಬೆರಳಲ್ಲಿ ಬರೆಯುತ್ತಿದ್ದರಂತೆ. ನಮ್ಮವರು ಯಾರೂ ಇದನ್ನು ಬರೆದಿಡಲಿಲ್ಲ. ದಿನಾ ಕಾಣುವುದನ್ನು ಯಾರು ಬರೆಯುತ್ತಾರೆ? ನಿನಗೆ ಬೇಕಾದದ್ದು ಮಾತ್ರ ಅದೇ.

ಇಷ್ಟೆಲ್ಲ ಓದು ಅಂತ ಹೇಳಿ, ತಿರುಗಿ ಇನ್ನೊಂದು ಮಾತು ಹೇಳಬೇಕು. ಓದಿದ್ದನ್ನೆಲ್ಲ ಪುಸ್ತಕಕ್ಕೆ ತುಂಬಬೇಡ. ನಾನು ಆ ತಪ್ಪು ಮಾಡಿದೆ. ಮೊದಲ ಕಾದಂಬರಿಗೆ ಐದು ವರ್ಷ ಟಿಪ್ಪಣಿ ಮಾಡಿಕೊಂಡೆ, ಹನ್ನೊಂದು ನೋಟ್‌ಬುಕ್ಕು. ಒಂದು ವಿವರವನ್ನೂ ಬಿಡಲು ಮನಸ್ಸು ಬರಲಿಲ್ಲ. ನಿನ್ನ ಅಪ್ಪನಿಗೆ ಮೊದಲ ಪ್ರತಿ ಕೊಟ್ಟೆ. ಎಷ್ಟೋ ವರ್ಷದ ಮೇಲೆ ನಿಮ್ಮ ಮನೆಯ ಕಪಾಟಿನಲ್ಲಿ ಆ ಪುಸ್ತಕ ತೆಗೆದು ನೋಡಿದೆ. 60ನೇ ಪುಟದಲ್ಲಿ ಗುರುತಿಗೆ ಅಂತ ಇಟ್ಟ ಬಸ್ ಟಿಕೆಟ್ ಹಾಗೇ ಇತ್ತು. ಅವನು ನನ್ನ ಪ್ರೀತಿಯ ಮೈದುನ, ಆದರೂ ಅಲ್ಲಿಂದ ಮುಂದೆ ಹೋಗಲಾಗಿರಲಿಲ್ಲ. ಆ ದಿನ ನನಗಾದ ನೋವು ನಿನಗೆ ಬೇಡ. ಅಚ್ಚು ಹಾಕಿಸುವ ವಿಷಯದಲ್ಲೂ ಅಷ್ಟೇ, ಯಾರಿಗೂ ದುಡ್ಡು ಕಟ್ಟಬೇಡ. ನನ್ನಿಂದ ಒಬ್ಬರು ಕಟ್ಟಿಸಿಕೊಂಡು, ಕಟ್ಟುಗಳನ್ನು ನಮ್ಮ ಜಗಲಿಗೇ ತಂದು ಇಳಿಸಿ ಹೋದರು.

ಈಗ ಮೂರನೇ ಅಧ್ಯಾಯ. ಇಲ್ಲಿ ನಿನ್ನ ಮೇಲೆ ನನಗೆ ಸ್ವಲ್ಪ ಕೋಪವೇ ಬಂತು. ರಾಜಾರಾಮ ಬಂದು ಆಶ್ರಯ ಕೇಳುತ್ತಾನೆ. ರಾಣಿ ಸಿಂಹಾಸನದಿಂದ ಎದ್ದು "ಶರಣು ಬಂದವರನ್ನು ಕಾಯುವುದು ನಮ್ಮ ಧರ್ಮ" ಅನ್ನುತ್ತಾಳೆ. ಮುಂದಿನ ಪುಟದಲ್ಲಿ ಯುದ್ಧದ ಕಹಳೆ. ಇಷ್ಟು ಸುಲಭವಾ ಪುಟ್ಟಿ?

ಅವಳಿಗೆ ಏನೇನು ಗೊತ್ತಿತ್ತು ಯೋಚಿಸು. 1686ರಲ್ಲಿ ಬಿಜಾಪುರ ಹೋಯಿತು. 1687ರಲ್ಲಿ ಗೋಲ್ಕೊಂಡ ಹೋಯಿತು. ಅಂಥ ದೊಡ್ಡ ಸುಲ್ತಾನರೇ ಔರಂಗಜೇಬನ ಮುಂದೆ ನಿಲ್ಲಲಿಲ್ಲ. 1689ರ ಮಾರ್ಚ್‌ನಲ್ಲಿ ಈ ಹುಡುಗನ ಅಣ್ಣ ಸಂಭಾಜಿಯನ್ನು ಕೊಲ್ಲಿಸಿದ್ದ. ಬಾಗಿಲಲ್ಲಿ ನಿಂತವನಿಗೆ 19 ವರ್ಷ. ಅವಳೋ ವಿಧವೆ, ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳಿಲ್ಲ, ದತ್ತು ಮಗನನ್ನು ಕಟ್ಟಿಕೊಂಡು 1672ರಿಂದ ರಾಜ್ಯ ನಡೆಸಿದವಳು. "ಹೂಂ" ಅಂದರೆ ಹದಿನೇಳು ವರ್ಷ ಕಾಪಾಡಿದ್ದೆಲ್ಲ ಬೂದಿಯಾಗಬಹುದಿತ್ತು. ಅವಳು ಹೆದರಿರಲೇಬೇಕು. ಹೆದರಿಯೂ ಹೂಂ ಅಂದಳು, ಅದಕ್ಕೇ ಅವಳು ದೊಡ್ಡವಳು. ನೀನು ಗೌರವದಿಂದ ಅವಳ ಭಯವನ್ನೇ ಕಿತ್ತುಕೊಂಡುಬಿಟ್ಟರೆ ನಾವು ಅವಳಿಗೆ ಕೈ ಮುಗಿಯಬಹುದು, ಪಕ್ಕದಲ್ಲಿ ಕೂರಲು ಆಗುವುದಿಲ್ಲ.

ಆ ರಾತ್ರಿ ಅವಳು ಒಬ್ಬಳೇ ಏನು ಮಾಡಿದಳು ಅಂತ ಯಾವ ಶಾಸನದಲ್ಲೂ ಇಲ್ಲ. ಆ ರಾತ್ರಿ ನಿನ್ನದು. ಮೂವತ್ತು ಪುಟ ಬರಿ.

ಯಾರ ಕಣ್ಣಿನಿಂದ ಅಂತ ಕೇಳುತ್ತೀಯಾ? ಆ ಕಡ್ಡಿ ಗೀರಿದ ದಾಸಿಯ ಕಣ್ಣಿನಿಂದ. ಅವಳ ಕೈಯಿಂದ ಕಡ್ಡಿ ಕಿತ್ತುಕೋ, ಬೂದಿಯೊಳಗಿನ ಕೆಂಡ ಕೊಡು. ಹಗಲು ರಾತ್ರಿ ಬೆಂಕಿ ಆರದಂತೆ ಕಾಯುವುದೇ ಅವಳ ಕೆಲಸ. ಮಳೆ ಪೂರ್ತಿ ಬಿಟ್ಟಿರದ ಮಲೆನಾಡು, ಸೌದೆ ಹಸಿ, ಮೂಲೆಯಲ್ಲಿ ಮಳೆಗೆ ಹೊದೆಯುವ ಗೊರಬು ಇನ್ನೂ ತೊಟ್ಟಿಕ್ಕುತ್ತಿದೆ. ನಡುರಾತ್ರಿ ಯಾರೋ ನೆನೆದವರು ಬಂದಿದ್ದಾರೆ, ಕೆಂಡ ತಾ ಅಂತ ಕರೆ ಬರುತ್ತದೆ. ಅವಳು ಅಗ್ಗಿಷ್ಟಿಕೆ ಹಿಡಿದು ಒಳಗೆ ಹೋಗುತ್ತಾಳೆ. ರಾಜಾರಾಮ ಲಿಂಗಾಯತ ಯಾತ್ರಿಕನ ವೇಷದಲ್ಲಿ ದಾರಿ ಸವೆಸಿದ ಅಂತ ಹೇಳುತ್ತಾರಲ್ಲ. ಬಿದನೂರಿನಂಥ ಊರಲ್ಲಿ ಹುಟ್ಟಿ ಬೆಳೆದವಳಿಗೆ, ಅವನು ವಿಭೂತಿ ಹಚ್ಚಿದ ರೀತಿಯಲ್ಲೇ ಏನೋ ಸರಿಯಿಲ್ಲ ಅಂತ ತಿಳಿಯುವುದಿಲ್ಲವಾ? ಅರಮನೆಯಲ್ಲಿ ಎಲ್ಲರಿಗಿಂತ ಮೊದಲು ಅವಳಿಗೆ ಗುಟ್ಟು ಗೊತ್ತಾಗಲಿ. ಆಮೇಲೆ ಬೆಳಗಿನ ಜಾವದವರೆಗೆ ರಾಣಿಯ ಕೋಣೆಯ ದೀಪಕ್ಕೆ ಎಣ್ಣೆ ಹಾಕುತ್ತಾ ಅವಳೇ ಎಲ್ಲ ನೋಡಲಿ.

ಹಾಗೇ ಮೊಗಲರ ಪಾಳೆಯದಲ್ಲೂ ಒಬ್ಬನಿಗೆ ಮುಖ ಕೊಡು. ರಕ್ತ ಹೀರುವ ಇಂಬಳ ಕಿತ್ತು ಕಿತ್ತು ಸಾಕಾಗಿ, ಬಯಲುಸೀಮೆಯ ತನ್ನ ಊರು ನೆನೆಸಿಕೊಳ್ಳುವ ಒಬ್ಬ ಸಾಮಾನ್ಯ ಸಿಪಾಯಿ. ಯಾರನ್ನೋ ದ್ವೇಷಿಸಲು ನೀನು ಪೆನ್ನು ಹಿಡಿದಿಲ್ಲ ಅಂತ ನನಗೆ ಗೊತ್ತು, ಓದುವವರಿಗೂ ಅದು ಗೊತ್ತಾಗಬೇಕು. ಪುಸ್ತಕದ ಕೊನೆಗೆ ಎರಡು ಪುಟದಲ್ಲಿ ಯಾವುದು ದಾಖಲೆ, ಯಾವುದು ನಿನ್ನ ಕಲ್ಪನೆ ಅಂತ ಬಿಡಿಸಿ ಹೇಳು. ಇಲ್ಲದಿದ್ದರೆ ನಿನ್ನ ಕೆಂಡದ ಹೆಂಗಸನ್ನು ನಾಳೆ ಯಾರಾದರೂ ಇತಿಹಾಸ ಅಂತಲೇ ಹೇಳಿಕೊಂಡು ತಿರುಗುತ್ತಾರೆ.

ದೀಪಾವಳಿಗೆ ಬರುತ್ತೀಯಲ್ಲ, ಎರಡು ದಿನ ಜಾಸ್ತಿ ರಜೆ ಹಾಕು. ಮೊದಲು ಕೆಳದಿಯ ಮ್ಯೂಸಿಯಂ ನೋಡೋಣ. ಆಮೇಲೆ ಈಗ ನಗರ ಅಂತ ಕರೆಯುವ ಬಿದನೂರಿನ ಕೋಟೆಗೆ ಹೋಗೋಣ, ಒಂದು ಸಂಜೆ ದೇವಗಂಗೆಯ ಕೊಳದ ಹತ್ತಿರ ಕೂರೋಣ. ಫೋಟೊ ಆಮೇಲೆ ತೆಗೆ, ಮೊದಲು ಬರಿಗಾಲಲ್ಲಿ ಆ ಕಲ್ಲಿನ ಮೇಲೆ ನಡೆದು ನೋಡು. ಒಂದು ರಾತ್ರಿ ಮನೆಯ ಹಳೇ ಒಲೆಯಲ್ಲಿ ಕೆಂಡ ಮುಚ್ಚುವುದನ್ನು ನಿನಗೆ ಕಲಿಸುತ್ತೇನೆ. ಬೆಳಿಗ್ಗೆ ನೀನೇ ಎದ್ದು ಊದಬೇಕು.

ಅಷ್ಟರೊಳಗೆ ಅವಳಿಗೊಂದು ಹೆಸರು ಹುಡುಕು. ಬಂದ ತಕ್ಷಣ ಕೇಳುವುದು ಅದನ್ನೇ.

ಆಶೀರ್ವಾದಗಳೊಂದಿಗೆ,
ನಿನ್ನ ದೊಡ್ಡಮ್ಮ