ಕಡಲ ಪಕ್ಕದ ಊರಲ್ಲಿ ಮನೆ ಕೊಳ್ಳುವ ಮೊದಲು

ಪುಟ್ಟಿ,

ನಿನ್ನ ಹೊಸ ಕೆಲಸದ ಸುದ್ದಿ ಕೇಳಿ ನನಗೂ ನಿಮ್ಮಪ್ಪನಿಗೂ ತುಂಬಾ ಖುಷಿಯಾಗಿದೆ. ಕಡಲ ಪಕ್ಕದ ಸಣ್ಣ ಊರು, ಕಿಟಕಿ ತೆರೆದರೆ ನೀರು, ಆಫೀಸಿಗೆ ನಡೆದೇ ಹೋಗಬಹುದು ಅಂತ ಒಂದೇ ಉಸಿರಿಗೆ ಹೇಳಿದೆ. ಜೊತೆಗೇ ಬರುವ ತಿಂಗಳು ಮನೆ ಕೊಂಡುಬಿಡುತ್ತೇವೆ ಅಂದೆಯಲ್ಲ, ಆ ಮಾತು ಮಾತ್ರ ಆಗಿನಿಂದ ತಲೆಯಲ್ಲಿ ಕೂತಿದೆ. ಫೋನಿನಲ್ಲಿ ಹೇಳಲು ಹೋದರೆ ನೀನು ನಡುವೆ ಬಾಯಿ ಹಾಕುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ.

ನಾವೂ ಇಂಥದೇ ಕಡಲ ಪಕ್ಕದ ಊರಿಗೆ ಬಂದದ್ದು ನೀನು ಹಾಸ್ಟೆಲ್ ಸೇರಿದ ಮೇಲೆ. ನೀನು ಬಂದಾಗಲೆಲ್ಲ ರಜೆ, ಒಳ್ಳೇ ಬಿಸಿಲು, ದಡದ ತುಂಬಾ ಜನ. ಹಾಗಾಗಿ ನೀನು ನೋಡಿರುವುದು ಅರ್ಧ ವರ್ಷದ ಊರನ್ನು. ಇನ್ನರ್ಧ ನೋಡದೆ ಮನೆ ಕೊಳ್ಳಬೇಡ. ಒಂದು ಪೂರ್ತಿ ವರ್ಷ ಬಾಡಿಗೆಗೆ ಇರು. ನಾನು ಹೇಳಬೇಕಾದದ್ದು ಇಷ್ಟೇ, ಆದರೆ ಯಾಕೆ ಅಂತ ತಿಳಿಯದೆ ನೀನು ಒಪ್ಪುವವಳಲ್ಲ.

ಮೊದಲು ಉಪ್ಪಿನ ವಿಷಯ. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಅಲೆ ಒಡೆದಾಗ ನೊರೆಯ ಗುಳ್ಳೆಗಳು ಸಿಡಿದು ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ಮೇಲೇಳುತ್ತವೆ, ಗಾಳಿ ಅವನ್ನು ನೇರ ಮನೆಯೊಳಗೆ ತಂದು ಹಾಕುತ್ತದೆ. ಕಿಟಕಿಯ ಗಾಜು, ಬಾಗಿಲಿನ ಕೀಲು, ಫ್ಯಾನು, ಫ್ರಿಜ್ಜಿನ ಹಿಂಭಾಗ, ಎಲ್ಲದರ ಮೇಲೂ ತೆಳ್ಳಗೆ ಕೂತಿರುತ್ತದೆ. ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುವುದರಿಂದ ಅದು ಕೂತ ಜಾಗ ಬೇಗ ಒಣಗುವುದಿಲ್ಲ. ಹೊರಗೆ ಹಾಕಿದ ಬಟ್ಟೆ ಎಷ್ಟು ಹೊತ್ತಾದರೂ ಮುಟ್ಟಿದರೆ ತಂಪು ತಂಪು. ಕಪಾಟಿನ ಪುಸ್ತಕ ಬೂಷ್ಟು ಹಿಡಿಯುತ್ತದೆ. ಕಬ್ಬಿಣದ ಮಾತಂತೂ ಬಿಡು.

ಸ್ಟೀಲ್ ಹಾಕಿಸಿದರೆ ಆಯ್ತಲ್ಲ ಅಂತ ನೀನು ಅನ್ನಬಹುದು. ಅಂಗಡಿಯಲ್ಲಿ ಸಾಮಾನ್ಯವಾಗಿ ಕೊಡುವುದು 304 ಗ್ರೇಡ್. ಕಡಲ ಗಾಳಿಗೆ ಅದರ ಮೇಲೂ ಕಂದು ಕಲೆ ಬೀಳುತ್ತದೆ. ಹೊರಗಿನ ಗ್ರಿಲ್ಲು, ರೇಲಿಂಗು, ಬೋಲ್ಟು, ನಟ್ಟು ಇದಕ್ಕೆಲ್ಲ 316 ಬೇಕು ಅಂತ ಹೇಳಿ ತರಿಸು. ಅದರಲ್ಲಿ ಮಾಲಿಬ್ಡಿನಮ್ ಅನ್ನುವ ಲೋಹ ಸೇರಿರುತ್ತದೆ, ಉಪ್ಪನ್ನು ತಡೆಯುವ ಶಕ್ತಿ ಜಾಸ್ತಿ. ಅದನ್ನೂ ಆಗಾಗ ಸಿಹಿನೀರಿನಲ್ಲಿ ತೊಳೆಯುತ್ತಿರಬೇಕು. ತೊಳೆಯುವುದು ಕಡಲೂರಿನ ಮನೆಯಲ್ಲಿ ಮುಗಿಯದ ಕೆಲಸ.

ಇದಕ್ಕಿಂತ ಮುಖ್ಯವಾದದ್ದು ಗೋಡೆ. ಉಪ್ಪು ನಿಧಾನವಾಗಿ ಕಾಂಕ್ರೀಟಿನೊಳಗೆ ಇಳಿದು ಕಂಬಿಗೆ ತಲುಪುತ್ತದೆ. ಕಂಬಿ ತುಕ್ಕು ಹಿಡಿದರೆ ಅದು ಮೊದಲಿಗಿಂತ ಹೆಚ್ಚು ಜಾಗ ಬೇಡುತ್ತದೆ, ಉಬ್ಬಿಕೊಂಡು ಒಳಗಿನಿಂದಲೇ ಕಾಂಕ್ರೀಟನ್ನು ಸೀಳುತ್ತದೆ. ಹಳೇ ಮನೆಗೆ ಹೊಸ ಬಣ್ಣ ಬಳಿದು ತೋರಿಸಿದರೆ ಬಣ್ಣ ನೋಡಬೇಡ. ಬಾಲ್ಕನಿಯ ಕೆಳಗೆ ನಿಂತು ತಲೆ ಎತ್ತಿ ನೋಡು. ಕಂಬಿಯ ಸಾಲಿಗೆ ಸರಿಯಾಗಿ ಉದ್ದ ಬಿರುಕು, ತುಕ್ಕಿನ ಬಣ್ಣದ ಕಲೆ, ಚಕ್ಕೆ ಎದ್ದ ಜಾಗ ಕಂಡರೆ ಆ ಮನೆ ಬೇಡ.

ಬಾವಿ ಅಥವಾ ಬೋರ್‌ವೆಲ್ ಇದ್ದರೆ ಅದರ ನೀರನ್ನೂ ವಿಚಾರಿಸು. ಕಡಲ ಪಕ್ಕದ ನೆಲದಡಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ, ಸಿಹಿನೀರು ಹಗುರ ಅಲ್ವಾ. ಲೆಕ್ಕದ ಪ್ರಕಾರ ಕಡಲ ಮಟ್ಟಕ್ಕಿಂತ ಒಂದು ಅಡಿ ಮೇಲೆ ಸಿಹಿನೀರಿದ್ದರೆ ಕೆಳಗೆ ಸುಮಾರು 40 ಅಡಿ ಸಿಹಿನೀರಿರುತ್ತದೆ. ಕೇಳಲು ಒಳ್ಳೆಯದೇ. ಆದರೆ ಲೆಕ್ಕ ತಿರುಗಿದರೆ, ಪಂಪ್ ಹಾಕಿ ಮೇಲಿನ ಒಂದು ಅಡಿ ಖಾಲಿ ಮಾಡಿದಾಗ ಕೆಳಗಿನಿಂದ ಉಪ್ಪುನೀರು 40 ಅಡಿಯಷ್ಟು ಏರುವುದಕ್ಕೆ ದಾರಿಯಾಗುತ್ತದೆ. ಸೀಸನ್ನಿನಲ್ಲಿ ಲಾಡ್ಜುಗಳೆಲ್ಲ ಒಟ್ಟಿಗೆ ನೀರೆತ್ತಿದರೆ ಪಕ್ಕದ ಮನೆಗಳ ಬಾವಿ ಉಪ್ಪಾಗುವುದು ಹೀಗೇ. ಒಮ್ಮೆ ಉಪ್ಪಾದ ನೀರು ಮತ್ತೆ ಸಿಹಿಯಾಗಲು ತುಂಬಾ ಕಾಲ ಬೇಕು.

ಹೆದರಿಸುತ್ತಿದ್ದೇನೆ ಅಂತ ತಿಳಿಯಬೇಡ. ಯಾರು ಏನು ಕೊಟ್ಟರೂ ಈ ಊರು ಬಿಟ್ಟು ಬರಲು ನನಗೆ ಮನಸ್ಸಿಲ್ಲ. ಕಡಲ ಪಕ್ಕ ಬದುಕುವಾಗ ದಿನದ ಹೊತ್ತನ್ನು ಗಡಿಯಾರ ಒಂದೇ ಹೇಳುವುದಿಲ್ಲ, ಅದು ನನಗೆ ತುಂಬಾ ಇಷ್ಟ. ಹೆಚ್ಚಿನ ಕಡೆ ಒಂದು ಉಬ್ಬರದಿಂದ ಇನ್ನೊಂದು ಉಬ್ಬರಕ್ಕೆ 12 ಗಂಟೆ 25 ನಿಮಿಷ, ಹಾಗಾಗಿ ಇವತ್ತು ನೀರು ಏರಿದ ಹೊತ್ತಿಗಿಂತ ನಾಳೆ ಸುಮಾರು 50 ನಿಮಿಷ ತಡ. ಇವತ್ತು ಬೆಳಿಗ್ಗೆ ನಡೆದಾಡಿದ ಮರಳು ಮುಂದಿನ ವಾರ ಅದೇ ಹೊತ್ತಿಗೆ ನೀರಿನಡಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಜಾಸ್ತಿ ಮೇಲೆ ಬರುತ್ತದೆ, ಅಷ್ಟೇ ಜಾಸ್ತಿ ಕೆಳಗೂ ಇಳಿಯುತ್ತದೆ. ಕೆನಡಾದ ಫಂಡಿ ಕೊಲ್ಲಿಯಲ್ಲಿ ಉಬ್ಬರ ಇಳಿತದ ನಡುವಿನ ವ್ಯತ್ಯಾಸ 16 ಮೀಟರಿನವರೆಗೂ ಹೋಗುತ್ತದೆ. ಮೆಡಿಟರೇನಿಯನ್ ತೀರದ ಎಷ್ಟೋ ಊರುಗಳಲ್ಲಿ ಏರಿದ್ದೇ ಗೊತ್ತಾಗುವುದಿಲ್ಲ. ನಿನ್ನ ಊರಿನ ಉಬ್ಬರ ಹೇಗೆ ಅಂತ ನೀನೇ ಕಲಿಯಬೇಕು, ಅದು ಮೊಬೈಲಿನಲ್ಲಿ ನೋಡಿದ್ದಕ್ಕಿಂತ ಕಾಲಿಗೆ ಬೇಗ ಗೊತ್ತಾಗುತ್ತದೆ.

ಗಾಳಿಯೂ ಹಾಗೆಯೇ. ಬಿಸಿಲಿಗೆ ನೆಲ ಬೇಗ ಕಾಯುತ್ತದೆ, ನೀರು ನಿಧಾನ, ಅದಕ್ಕೇ ಮಧ್ಯಾಹ್ನ ಕಡಲ ಕಡೆಯಿಂದ ಗಾಳಿ ಒಳಗೆ ಬರುತ್ತದೆ. ರಾತ್ರಿ ನೆಲ ಬೇಗ ಆರಿ ಗಾಳಿ ತಿರುಗುತ್ತದೆ. ಎಂಜಿನ್ ಇಲ್ಲದ ಕಾಲದಲ್ಲಿ ಹಾಯಿ ದೋಣಿಯವರು ಬೆಳಗಾಗುವ ಮೊದಲು ಹೊರಡುತ್ತಿದ್ದದ್ದು ಈ ನೆಲದ ಗಾಳಿ ಹಿಡಿದು. ಎರಡೂ ಗಾಳಿ ಬದಲಾಗುವ ನಡುವೆ ಸ್ವಲ್ಪ ಹೊತ್ತು ಏನೂ ಅಲುಗಾಡುವುದಿಲ್ಲ, ಆಗ ಸೆಖೆ ತಡೆಯಲಾಗುವುದಿಲ್ಲ. ಮನೆ ನೋಡುವಾಗ ಕಿಟಕಿಗಳು ಎದುರುಬದುರಾಗಿ ಇವೆಯಾ ನೋಡು. ಕಡಲು ಕಾಣುವ ಒಂದು ದೊಡ್ಡ ಗಾಜಿಗಿಂತ ಎರಡು ಕಡೆ ತೆರೆಯುವ ಸಣ್ಣ ಕಿಟಕಿ ವಾಸಿ.

ಈಗ ಊರಿನ ಬಗ್ಗೆ. ಒಂದು ವಿಷಯ ನನಗೆ ಇಲ್ಲಿ ಬಂದು ಬಹಳ ದಿನಗಳ ಮೇಲೆ ಹೊಳೆಯಿತು. ಒಳನಾಡಿನ ಸಣ್ಣ ಊರಿಗೆ ನಾಲ್ಕೂ ಕಡೆಯಿಂದ ಹಳ್ಳಿಗಳು, ರಸ್ತೆಗಳು, ಸಂತೆಗೆ ಬರುವ ಜನ. ಕಡಲೂರಿಗೆ ಒಂದು ಕಡೆ ನೀರು, ಅಲ್ಲಿಂದ ಯಾರೂ ಆಸ್ಪತ್ರೆಗೆ ಬರುವುದಿಲ್ಲ, ಶಾಲೆಗೆ ಮಕ್ಕಳು ಬರುವುದಿಲ್ಲ, ಅಂಗಡಿಗೆ ಗಿರಾಕಿ ಬರುವುದಿಲ್ಲ. ಅದಕ್ಕೇ ಇಷ್ಟೇ ದೊಡ್ಡ ಬೇರೆ ಊರಿನಲ್ಲಿ ಸಿಗುವ ಡಾಕ್ಟರು ಇಲ್ಲಿ ಸಿಗುವುದಿಲ್ಲ, ಬಸ್ಸು ಬೇಗ ನಿಲ್ಲುತ್ತದೆ, ಒಂದು ಸಣ್ಣ ಬಿಡಿಭಾಗ ಬೇಕಾದರೂ ದೊಡ್ಡ ಊರಿನಿಂದ ತರಿಸಬೇಕು. ನಿಮಗೆ ಮಕ್ಕಳಾಗುವ ಯೋಚನೆ ಇದ್ದರೆ ಆಸ್ಪತ್ರೆ ಎಷ್ಟು ದೂರ, ರಾತ್ರಿ ಹೊತ್ತು ಅಲ್ಲಿ ಯಾರಿರುತ್ತಾರೆ ಅಂತ ಮೊದಲು ತಿಳಿದುಕೋ. ಕಡಲು ಕಾಣುತ್ತದೋ ಇಲ್ಲವೋ ಅನ್ನುವುದು ಆಮೇಲೆ.

ಸೀಸನ್ ಮುಗಿದ ಮೇಲೆ ಊರು ಬರಿದಾಗುತ್ತದೆ. ಹೋಟೆಲುಗಳ ಅರ್ಧ ಶಟರ್ ಕೆಳಗೆ, ಹುಡುಗರು ಬೇರೆ ಊರಿಗೆ ಕೆಲಸಕ್ಕೆ. ಕಡಲಿಗೆ ಹತ್ತಿರದ ಬೀದಿಗಳಲ್ಲಿ ಸಾಲಾಗಿ ಕತ್ತಲು ಮನೆಗಳು, ಯಾಕೆಂದರೆ ಅವು ವರ್ಷಕ್ಕೆ ಕೆಲವು ವಾರ ಬಂದು ಹೋಗುವವರ ಮನೆಗಳು. ಇದು ನಮ್ಮೊಬ್ಬರ ಊರಿನ ಕಥೆಯಲ್ಲ. ಇಂಗ್ಲೆಂಡಿನ ಸೇಂಟ್ ಐವ್ಸ್ ಅನ್ನುವ ಕಡಲೂರಿನ ಜನ 2016ರಲ್ಲಿ ಮತ ಹಾಕಿ, ಹೊಸದಾಗಿ ಕಟ್ಟುವ ಮನೆಗಳು ವರ್ಷಪೂರ್ತಿ ಅಲ್ಲೇ ವಾಸ ಮಾಡುವವರಿಗೇ ಸಿಗಬೇಕು ಅಂತ ನಿಯಮ ತಂದರು. ಮತ ಹಾಕಿದವರಲ್ಲಿ ನೂರಕ್ಕೆ 80ಕ್ಕಿಂತ ಜಾಸ್ತಿ ಜನ ಒಪ್ಪಿದ್ದರು. ಊರಿನ ಮಕ್ಕಳಿಗೇ ಊರಿನಲ್ಲಿ ಮನೆ ಸಿಗದ ನೋವು ಎಷ್ಟಿರಬೇಕು ಯೋಚಿಸು. ನೀನು ಆಫ್ ಸೀಸನ್ನಿನ ಒಂದು ಮಂಗಳವಾರ ರಾತ್ರಿ ನೀನು ನೋಡಿರುವ ಬೀದಿಯಲ್ಲಿ ಸುಮ್ನೆ ನಡೆದು ಬಾ. ಎಷ್ಟು ಮನೆಗಳಲ್ಲಿ ದೀಪ ಇದೆ ನೋಡು. ದೀಪ ಇರುವ ಬೀದಿಯಲ್ಲಿ ಮನೆ ಮಾಡು, ಅದು ದಡದಿಂದ ದೂರವಾದರೂ ಪರವಾಗಿಲ್ಲ. ಜ್ವರ ಬಂದು ಮಲಗಿದಾಗ ಬಾಗಿಲು ತಟ್ಟುವವರು ಬೇಕು.

ಸಣ್ಣ ಊರಿನಲ್ಲಿ ಎಲ್ಲರಿಗೂ ಎಲ್ಲ ಗೊತ್ತಾಗುತ್ತದೆ, ಅದು ಮೊದಲು ನಿನಗೆ ಕಿರಿಕಿರಿ ಆಗುತ್ತದೆ. ಆದರೆ ಇಲ್ಲಿಯ ಜನ ಒಬ್ಬರ ಲೆಕ್ಕ ಒಬ್ಬರು ಇಡುವುದಕ್ಕೆ ಕಾರಣವಿದೆ. ಯಾವ ದೋಣಿ ಹೋಗಿದೆ, ಯಾವುದು ಬಂದಿಲ್ಲ, ಅದರಲ್ಲಿ ಯಾರ ಮನೆಯವರಿದ್ದಾರೆ ಅಂತ ಊರಿಗೆಲ್ಲ ಗೊತ್ತಿರಲೇಬೇಕು. ದಡದಲ್ಲಿ ನಿಂತವರ ಕಣ್ಣಿಗೆ ಕಾಣುವ ಕಡಲಂಚು ಐದು ಕಿಲೋಮೀಟರಿಗಿಂತ ಆಚೆ ಇಲ್ಲ. ಅದನ್ನು ದಾಟಿದ ಸಣ್ಣ ದೋಣಿ ಕಣ್ಮರೆ. ಗಾಳಿ ಎದ್ದ ಸಂಜೆ ಒಂದು ದೋಣಿ ತಡವಾದರೆ ಬಂದರಿನಲ್ಲಿ ಯಾರೂ ಜೋರಾಗಿ ಮಾತಾಡುವುದಿಲ್ಲ. ಮೀನುಗಾರಿಕೆಗೆ ಸಂಬಂಧವೇ ಇಲ್ಲದ ನಾನೂ ಎಷ್ಟೋ ಸಲ ಅಲ್ಲಿ ಹೋಗಿ ನಿಂತಿದ್ದೇನೆ.

ಹಳಬರ ಮಾತನ್ನು ಮಾತ್ರ ತಳ್ಳಿಹಾಕಬೇಡ. ಇಂಡೋನೇಷ್ಯಾದ ಸಿಮ್ಯುಲು ದ್ವೀಪದವರು 1907ರಲ್ಲಿ ಸುನಾಮಿ ಕಂಡವರು. ಆ ನೆನಪನ್ನು ಹಾಡಿನಲ್ಲಿ, ಕಥೆಯಲ್ಲಿ ಮಕ್ಕಳಿಗೆ ಹೇಳುತ್ತಾ ಬಂದರು: ನೆಲ ಜೋರಾಗಿ ಅಲುಗಿ, ನೀರು ಹಿಂದೆ ಸರಿದರೆ ಗುಡ್ಡಕ್ಕೆ ಓಡು. 2004ರ ಡಿಸೆಂಬರ್ 26ರಂದು ಭೂಕಂಪದ ಕೇಂದ್ರಕ್ಕೆ ಅಷ್ಟು ಹತ್ತಿರವಿದ್ದೂ, 70 ಸಾವಿರಕ್ಕಿಂತ ಜಾಸ್ತಿ ಜನರಿದ್ದ ಆ ದ್ವೀಪದಲ್ಲಿ ಸತ್ತವರು ಏಳು ಜನ. ಎಚ್ಚರಿಕೆಯ ಸೈರನ್ ಇರಲಿಲ್ಲ, ಅಜ್ಜಿಯರ ಮಾತಿತ್ತು. ನಿನ್ನ ಊರಿನಲ್ಲೂ ಇಂಥ ಮಾತುಗಳಿರುತ್ತವೆ. ಇಲ್ಲಿ ಈಜಬೇಡ, ಆ ಬಂಡೆಯ ಮೇಲೆ ನಿಲ್ಲಬೇಡ ಅಂದರೆ ಕೇಳು. ದಡದಲ್ಲಿ ಎರಡೂ ಕಡೆ ಅಲೆ ಒಡೆಯುತ್ತಾ ನಡುವೆ ಒಂದು ಪಟ್ಟಿ ಮಾತ್ರ ಶಾಂತವಾಗಿದ್ದರೆ ಹೊಸಬರು ಅಲ್ಲೇ ಇಳಿಯುತ್ತಾರೆ. ನೀರು ವಾಪಸ್ ಕಡಲಿಗೆ ಹರಿಯುವ ಸೆಳೆತ ಇರುವುದು ಹೆಚ್ಚಾಗಿ ಅಲ್ಲೇ. ಸಿಕ್ಕಿಕೊಂಡರೆ ದಡದ ಕಡೆ ನೇರ ಈಜಿ ಸುಸ್ತಾಗಬೇಡ, ತೇಲಿಕೊಂಡು ಕೈ ಎತ್ತಿ ಕರೆ. ಶಕ್ತಿ ಇದ್ದರೆ ದಡಕ್ಕೆ ಅಡ್ಡವಾಗಿ ಈಜಿ ಸೆಳೆತದಿಂದ ಹೊರಗೆ ಬಾ. ಅಳಿಯಂದಿರಿಗೂ ಇದನ್ನು ಓದಿ ಹೇಳು, ಈಜು ಬರುತ್ತದೆ ಅನ್ನುವ ಧೈರ್ಯ ಅವರಿಗೆ ಜಾಸ್ತಿ.

ಇನ್ನು ನೀನು ಕಳಿಸಿದ ಫೋಟೋದ ಮನೆ. ಚೆಂದ ಇದೆ, ನಿಜ. ಅದರ ಮುಂದಿನ ಕಲ್ಲಿನ ತಡೆಗೋಡೆ ನೋಡಿ ನಿನಗೆ ಧೈರ್ಯ ಬಂದಿದೆ, ನನಗೆ ಅದೇ ಅನುಮಾನ. ಗೋಡೆ ಕಟ್ಟಿದ್ದಾರೆ ಅಂದರೆ ಅಲ್ಲಿ ಕಡಲ್ಕೊರೆತ ಇದೆ. ಮರಳು ಒಂದೇ ಕಡೆ ನಿಲ್ಲುವುದಿಲ್ಲ, ಅಲೆಯ ಜೊತೆ ದಡದುದ್ದಕ್ಕೂ ಸಾಗುತ್ತಿರುತ್ತದೆ. ಒಂದು ಕಡೆ ಗೋಡೆಯೋ ಕಲ್ಲಿನ ದಂಡೆಯೋ ಹಾಕಿ ತಡೆದರೆ ಮುಂದಿನ ದಡಕ್ಕೆ ಸಿಗಬೇಕಾದ ಮರಳು ಕಡಿಮೆಯಾಗಿ ಕೊರೆತ ಅಲ್ಲಿಗೆ ಹೋಗುತ್ತದೆ. ಗೋಡೆಗೆ ಬಡಿದ ಅಲೆ ತನ್ನ ಬುಡದ ಮರಳನ್ನೂ ಎಳೆದೊಯ್ಯುತ್ತದೆ. ಇಂಗ್ಲೆಂಡಿನ ಡನ್ವಿಚ್ ಒಂದು ಕಾಲದಲ್ಲಿ ದೊಡ್ಡ ಬಂದರು, 1286ರ ಬಿರುಗಾಳಿಯಿಂದ ಶುರುವಾಗಿ ಶತಮಾನಗಳ ಉದ್ದಕ್ಕೂ ಅದರ ಬೀದಿಗಳು, ಚರ್ಚುಗಳು ಒಂದೊಂದಾಗಿ ಕಡಲು ಸೇರಿದವು. ಈಗ ಉಳಿದಿರುವುದು ಸಣ್ಣ ಹಳ್ಳಿ. 1901ರಿಂದ 2018ರ ನಡುವೆ ಜಗತ್ತಿನ ಕಡಲ ಮಟ್ಟ ಸರಾಸರಿ 20 ಸೆಂಟಿಮೀಟರ್ ಏರಿದೆ, ಏರುವ ವೇಗವೂ ಹೆಚ್ಚುತ್ತಿದೆ. ನೀನು ಇಪ್ಪತ್ತು ವರ್ಷ ಸಾಲ ಕಟ್ಟಬೇಕಾದ ಮನೆ ಅದು, ಇಪ್ಪತ್ತು ವರ್ಷದ ಹಿಂದೆ ದಡ ಎಲ್ಲಿತ್ತು ಅಂತ ಪಕ್ಕದವರನ್ನು ಕೇಳದೆ ಸಹಿ ಹಾಕಬೇಡ.

ಬಾಡಿಗೆ ಮನೆ ಹುಡುಕಲು ಹೋಗುವಾಗ ನನ್ನನ್ನೂ ಕರೆದುಕೊಂಡು ಹೋಗು. ಹುಣ್ಣಿಮೆ ಅಥವಾ ಅಮಾವಾಸ್ಯೆಯ ಹತ್ತಿರದ ದಿನ ಇಟ್ಟುಕೊಂಡರೆ ಒಂದೇ ದಿನದಲ್ಲಿ ನೀರು ಎಲ್ಲಿಯವರೆಗೆ ಬರುತ್ತದೆ, ಎಲ್ಲಿಗೆ ಇಳಿಯುತ್ತದೆ ಎರಡೂ ನೋಡಬಹುದು. ನಿಮ್ಮಪ್ಪ ಬಾಲ್ಕನಿಗಳ ಕೆಳಗೆ ನಿಂತು ಬಿರುಕು ನೋಡುವ ಕೆಲಸ ತನಗೆ ಬಿಡಿ ಅಂತ ಈಗಲೇ ಹೇಳಿದ್ದಾರೆ. ರಜೆ ಯಾವಾಗ ಸಿಗುತ್ತದೆ ತಿಳಿಸು, ಟಿಕೆಟ್ ನಾವೇ ಮಾಡಿಸಿಕೊಳ್ಳುತ್ತೇವೆ.

ನಿನ್ನ
ಅಮ್ಮ